ಹೆಸರು ಸಿಗದ ಕಾಯಿಲೆ: ಸಾಮಾನ್ಯವೋ ಅಪರೂಪವೋ ಎಂದು ತಿಳಿಯುವ ದಾರಿ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎರಡು ವರ್ಷದಿಂದ ಹುಷಾರಿಲ್ಲ. ನಾಲ್ವರು ವೈದ್ಯರನ್ನು ಕಂಡಾಯಿತು. ವರದಿಗಳೆಲ್ಲ ಸರಿಯಾಗಿವೆ ಎನ್ನುತ್ತಾರೆ. ಮೊಬೈಲಿನಲ್ಲಿ ಹುಡುಕಿದರೆ ನನ್ನ ಲಕ್ಷಣಗಳು ಒಂದು ಅಪರೂಪದ ಕಾಯಿಲೆಗೆ ಹೊಂದುತ್ತವೆ. ಅದೇ ಇರಬಹುದೇ?" ಊರು ಬೇರೆ, ವಯಸ್ಸು ಬೇರೆ, ಕಾಯಿಲೆಯ ಹೆಸರು ಬೇರೆ. ಪ್ರಶ್ನೆ ಮಾತ್ರ ಇದೇ.

ದೂರದಲ್ಲಿ ಕುಳಿತು ಇದಕ್ಕೆ ಹೌದು ಅಥವಾ ಅಲ್ಲ ಎನ್ನಲು ಯಾರಿಂದಲೂ ಆಗದು. ಉತ್ತರ ಬೇಗ ಸಿಗುವ ಹಾಗೆ ನೀವು ಏನು ಸಿದ್ಧಮಾಡಿಕೊಳ್ಳಬೇಕು ಎಂಬುದನ್ನಂತೂ ಹೇಳಬಹುದು. ಕಾಯಿಲೆಗೆ ಹೆಸರಿಡುವುದು ವೈದ್ಯರ ಕೆಲಸ. ಅವರಲ್ಲಿ ಇಲ್ಲದ, ನಿಮ್ಮಲ್ಲಿ ಮಾತ್ರ ಇರುವ ಸಂಗತಿ ಒಂದಿದೆ: ಈ ಕಾಯಿಲೆ ಯಾವಾಗ, ಎಲ್ಲಿ ಶುರುವಾಗಿ, ಯಾವ ಕ್ರಮದಲ್ಲಿ ಬೆಳೆಯಿತು ಎಂಬ ವಿವರ. ಬಹಳ ಜನ ಹೆಸರನ್ನು ಹಿಡಿದುಕೊಂಡು ಹೋಗುತ್ತಾರೆ, ವಿವರವನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಹತ್ತು ನಿಮಿಷದ ಭೇಟಿ ಆ ಹೆಸರಿನ ಚರ್ಚೆಯಲ್ಲೇ ಮುಗಿದುಹೋಗುತ್ತದೆ.

'ಅಪರೂಪದ ಕಾಯಿಲೆ' ಎಂದರೆ ಎಷ್ಟು ಅಪರೂಪ?

ಇದಕ್ಕೆ ಒಂದೇ ಅಳತೆ ಇಲ್ಲ. ಯುರೋಪಿನ ಒಕ್ಕೂಟದಲ್ಲಿ 10,000 ಜನರಲ್ಲಿ ಐವರಿಗಿಂತ ಹೆಚ್ಚು ಜನರಿಗೆ ಬಾರದ ಕಾಯಿಲೆಗೆ ಈ ಹೆಸರು. ಅಮೆರಿಕದಲ್ಲಿ 1983ರ ಒಂದು ಕಾನೂನಿನ ಪ್ರಕಾರ ಇಡೀ ದೇಶದಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ ರೋಗಿಗಳಿರಬೇಕು. ಜಪಾನಿನಲ್ಲಿ ಆ ಮಿತಿ 50,000. ಹೀಗೆ ಎಣಿಸಿದರೆ ಆರು ಸಾವಿರಕ್ಕೂ ಹೆಚ್ಚು ಅಪರೂಪದ ಕಾಯಿಲೆಗಳಿವೆ. ಅವುಗಳಲ್ಲಿ ಸುಮಾರು ಶೇ. 70 ವಂಶವಾಹಿಗೆ, ಅಂದರೆ ತಂದೆತಾಯಿಯಿಂದ ಮಕ್ಕಳಿಗೆ ದಾಟುವ, ದೇಹವನ್ನು ಕಟ್ಟುವ ಸೂಚನೆಗಳ ತುಣುಕಿಗೆ ಸಂಬಂಧಿಸಿದವು. ಒಂದೊಂದೂ ಅಪರೂಪವೇ ಆದರೂ ಎಲ್ಲವನ್ನೂ ಕೂಡಿಸಿದರೆ ಜಗತ್ತಿನಲ್ಲಿ ಸುಮಾರು 30 ಕೋಟಿ ಜನರಿಗೆ ಇವುಗಳಲ್ಲಿ ಒಂದಲ್ಲ ಒಂದು ಇದೆ ಎಂಬ ಅಂದಾಜಿದೆ. ಆದ್ದರಿಂದ "ಅಂಥದ್ದೆಲ್ಲ ನಮಗೆಲ್ಲಿ ಬರುತ್ತದೆ" ಎಂದು ತಳ್ಳಿಹಾಕುವುದೂ ಸರಿಯಲ್ಲ, "ನನಗೆ ಅದೇ" ಎಂದು ಮೊದಲ ದಿನವೇ ತೀರ್ಮಾನಿಸುವುದೂ ಸರಿಯಲ್ಲ.

ಪ್ರದೇಶವೂ ಲೆಕ್ಕಕ್ಕೆ ಬರುತ್ತದೆ. ಉತ್ತರ ಯುರೋಪಿನ ಮೂಲದವರಲ್ಲಿ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಅಪರೂಪ, ಮೆಡಿಟರೇನಿಯನ್ ಸಮುದ್ರದ ಸುತ್ತಲಿನವರಲ್ಲಿ ಅದು ಹೊಸದೇನಲ್ಲ. ನಿಮ್ಮ ಪೂರ್ವಿಕರು ಯಾವ ಕಡೆಯವರು ಎಂದು ವೈದ್ಯರು ಕೇಳುವುದು ಇದಕ್ಕಾಗಿಯೇ.

ಶುರು ಮಾಡುವ ಮುನ್ನ: ಇವುಗಳಿಗೆ ಪಟ್ಟಿ ಬರೆಯುತ್ತ ಕೂರಬೇಡಿ

ಎದೆಯಲ್ಲಿ ಒತ್ತಡ ಅಥವಾ ಉಸಿರು ಕಟ್ಟುವಿಕೆ, ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಹಠಾತ್ತನೆ ಸೋಲುವುದು, ಮಾತು ತೊದಲುವುದು, ಹಿಂದೆಂದೂ ಇಲ್ಲದಂತೆ ಸಿಡಿಲು ಬಡಿದ ಹಾಗೆ ಬರುವ ತಲೆನೋವು, ಮೊದಲ ಬಾರಿಗೆ ಬಂದ ಫಿಟ್ಸ್, ಜ್ವರದ ಜೊತೆ ಕತ್ತು ಬಗ್ಗಿಸಲಾಗದಿರುವುದು, ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿ ತೊಡೆಸಂದು ಮರಗಟ್ಟುವುದು. ಇವುಗಳಲ್ಲಿ ಯಾವುದೇ ಇದ್ದರೂ ಈಗಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮೆದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಹೊಡೆದಾಗ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮುಂದಿನ ಹಂತಗಳೆಲ್ಲ ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆಯುವ ತೊಂದರೆಗಳಿಗೆ.

ಬೇಕಾಗುವುದು

ಒಂದು ನೋಟ್‌ಬುಕ್, ಹಳೆಯ ವರದಿಗಳೆಲ್ಲ, ಸೇವಿಸುವ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳು, ಫೋಟೊ ಮತ್ತು ವಿಡಿಯೊ ತೆಗೆಯುವ ಮೊಬೈಲ್, ನಿಮ್ಮನ್ನು ದಿನವೂ ನೋಡುವ ಮನೆಯವರೊಬ್ಬರು. ಕೊನೆಯದನ್ನು ಮರೆಯಬೇಡಿ. ನಡಿಗೆ ಬದಲಾದದ್ದು, ಧ್ವನಿ ಕುಗ್ಗಿದ್ದು, ಸ್ವಭಾವ ಮುಂಗೋಪಕ್ಕೆ ತಿರುಗಿದ್ದು ನಮಗಿಂತ ಮೊದಲು ಅವರ ಕಣ್ಣಿಗೆ ಬಿದ್ದಿರುತ್ತದೆ.

1. ದಿನಾಂಕಗಳ ಹಾಳೆ ಬರೆಯಿರಿ

"ಕೊನೆಯ ಬಾರಿ ನಾನು ಪೂರ್ತಿ ಆರೋಗ್ಯವಾಗಿದ್ದುದು ಯಾವಾಗ?" ಈ ಪ್ರಶ್ನೆಯಿಂದ ಆರಂಭಿಸಿ. ಅಲ್ಲಿಂದ ಮುಂದಕ್ಕೆ ಒಂದೊಂದು ಸಾಲು. ಹೀಗೆ:

ಮಾರ್ಚ್: ಮೆಟ್ಟಿಲು ಹತ್ತುವಾಗ ತೊಡೆ ಭಾರ. ಸಮತಟ್ಟಿನಲ್ಲಿ ನಡೆದರೆ ತೊಂದರೆ ಇಲ್ಲ.
ಜೂನ್: ನೆಲದಿಂದ ಏಳಲು ಕೈ ಊರಬೇಕು.
ಜುಲೈ: ಕಣ್ಣಿನ ರೆಪ್ಪೆಯ ಮೇಲೆ ಕೆಂಪು ದದ್ದು. ಮುಲಾಮು ಹಚ್ಚಿದೆ, ಹೋಗಲಿಲ್ಲ.
ಸೆಪ್ಟೆಂಬರ್: ತಲೆ ಬಾಚಲು ಕೈ ಎತ್ತಿದರೆ ಸೋಲುತ್ತದೆ.

ನಾಲ್ಕೇ ಸಾಲು. ತೊಡೆಯ ತೊಂದರೆಗೆ ಒಬ್ಬರನ್ನು, ದದ್ದಿಗೆ ಇನ್ನೊಬ್ಬರನ್ನು ಕಂಡಿದ್ದರೆ ಇವೆರಡೂ ಬೇರೆ ಬೇರೆ ಫೈಲುಗಳಲ್ಲಿ ಉಳಿದುಬಿಡುತ್ತಿದ್ದವು. ಒಂದೇ ಹಾಳೆಯಲ್ಲಿ ಕಂಡಾಗ, ಸ್ನಾಯು ಮತ್ತು ಚರ್ಮ ಎರಡನ್ನೂ ಹಿಡಿಯುವ ಡರ್ಮಟೊಮಯೊಸೈಟಿಸ್ ಎಂಬ ಉರಿಯೂತದ ಕಾಯಿಲೆ ವೈದ್ಯರ ಮನಸ್ಸಿಗೆ ತಾನಾಗಿ ಬರುತ್ತದೆ. (ಉರಿಯೂತ ಎಂದರೆ ಕೆಂಪಾಗಿ, ಬಿಸಿಯಾಗಿ, ಊದಿ ನೋಯುವ ದೇಹದ ಪ್ರತಿಕ್ರಿಯೆ. ಒಳಗಿನ ಅಂಗಗಳಲ್ಲೂ ಆಗುತ್ತದೆ, ಹೊರಗೆ ಕಾಣಬೇಕೆಂದಿಲ್ಲ.)

ವೇಗವನ್ನೂ ಬರೆಯಿರಿ. ಕ್ಷಣಾರ್ಧದಲ್ಲಿ ಶುರುವಾದದ್ದು ಹೆಚ್ಚಾಗಿ ರಕ್ತನಾಳದ್ದು ಅಥವಾ ಮೆದುಳಿನ ವಿದ್ಯುತ್ತಿನ ಏರುಪೇರಿನದು. ದಿನಗಳಲ್ಲಿ ಏರಿದ್ದು ಸೋಂಕಿನದೋ ಉರಿಯೂತದ್ದೋ ಇರಬಹುದು. ತಿಂಗಳುಗಳಲ್ಲಿ ನಿಧಾನವಾಗಿ ಬೆಳೆದದ್ದರ ಹಿಂದೆ ಪೋಷಕಾಂಶದ ಕೊರತೆ, ಹಾರ್ಮೋನು ಅಥವಾ ಗಡ್ಡೆ ಇರುವುದುಂಟು. ಬಾಲ್ಯದಿಂದಲೇ ಬಂದದ್ದು ಎಂದರೆ ವಂಶವಾಹಿಯ ಕಡೆ ಯೋಚನೆ ಹೋಗುತ್ತದೆ. ಇದು ಕಟ್ಟುನಿಟ್ಟಿನ ನಿಯಮವಲ್ಲ, ವೈದ್ಯರು ದಿಕ್ಕು ಹಿಡಿಯುವ ಬಗೆ.

*ಎಚ್ಚರಿಕೆ:* ಹಾಳೆ ಒಂದೇ ಪುಟ ಇರಲಿ. ಮೂವತ್ತು ಪುಟದ ಆತ್ಮಕಥೆಯನ್ನು ಯಾರೂ ಓದುವುದಿಲ್ಲ. ತಿಂಗಳು ನೆನಪಾಗದಿದ್ದರೆ "ಮಗಳ ಪರೀಕ್ಷೆಯ ಹೊತ್ತಿಗೆ", "ಮನೆ ಬದಲಿಸಿದ ಮೇಲೆ" ಎಂದು ಘಟನೆಗೆ ಗಂಟು ಹಾಕಿ ನೆನಪಿಸಿಕೊಳ್ಳಿ. ಬಂದು ಹೋಗುವ ಲಕ್ಷಣಗಳಾದರೆ, ಅಂದರೆ ದದ್ದು, ಊತ, ನಡುಕ, ವಾಲುವ ರೆಪ್ಪೆ ಇತ್ಯಾದಿ, ಅವು ಇರುವಾಗಲೇ ಫೋಟೊ ಅಥವಾ ವಿಡಿಯೊ ತೆಗೆದಿಡಿ. ವೈದ್ಯರ ಮುಂದೆ ಕುಳಿತ ಕ್ಷಣಕ್ಕೆ ಅವು ಮಾಯವಾಗುವುದು ಎಲ್ಲರ ಅನುಭವ.

2. ಹಣೆಪಟ್ಟಿ ಬಿಡಿ, ಆದದ್ದನ್ನು ಹೇಳಿ

ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಸಮಯ ಹಾಳಾಗುವುದು ಇಲ್ಲಿ. ನಮ್ಮ ಮಾತಿನಲ್ಲಿ ಒಂದೊಂದು ಪದ ಹತ್ತು ತೊಂದರೆಗಳನ್ನು ಮುಚ್ಚಿಡುತ್ತದೆ.

'ಸುಸ್ತು' ಎಂಬುದನ್ನೇ ನೋಡಿ. ನಿದ್ದೆ ತೂಗುವುದೂ ಸುಸ್ತು. ನಾಲ್ಕು ಹೆಜ್ಜೆಗೆ ಏದುಸಿರು ಬರುವುದೂ ಸುಸ್ತು. ಕೈಯಲ್ಲಿ ಬಲವೇ ಇಲ್ಲದಿರುವುದೂ ಸುಸ್ತು, ಏನೂ ಬೇಡವೆನಿಸುವುದೂ ಸುಸ್ತು. ಮೊದಲನೆಯದಕ್ಕೆ ಥೈರಾಯ್ಡ್ ಕೊರತೆಯೋ ರಾತ್ರಿ ಉಸಿರು ನಿಂತು ನಿಂತು ಬರುವ ತೊಂದರೆಯೋ ಕಾರಣವಿರಬಹುದು. ಎರಡನೆಯದು ರಕ್ತಹೀನತೆ, ಹೃದಯ, ಶ್ವಾಸಕೋಶಗಳ ಕಡೆ ಕೈತೋರಿಸುತ್ತದೆ. ಮೂರನೆಯದು ನರ ಮತ್ತು ಸ್ನಾಯುವಿನದು, ನಾಲ್ಕನೆಯದು ಖಿನ್ನತೆಯದ್ದಿರಬಹುದು. "ಬೆಳಿಗ್ಗೆ ಚೆನ್ನಾಗಿರುತ್ತೇನೆ. ಸಂಜೆಯಾಗುತ್ತಿದ್ದಂತೆ ರೆಪ್ಪೆ ವಾಲುತ್ತದೆ, ಊಟದ ಕೊನೆಯ ತುತ್ತು ಅಗಿಯಲು ದವಡೆ ಸೋಲುತ್ತದೆ, ಸ್ವಲ್ಪ ಸುಮ್ಮನಿದ್ದರೆ ಸರಿಹೋಗುತ್ತದೆ" ಎಂದು ಹೇಳಿದವರು ಮಯಸ್ತೇನಿಯಾ ಗ್ರೇವಿಸ್ ಎಂಬ ಅಪರೂಪದ ಕಾಯಿಲೆಯ ಚಿತ್ರವನ್ನೇ ಬಿಡಿಸಿಕೊಟ್ಟಂತೆ. ನರದ ಸಂದೇಶ ಸ್ನಾಯುವಿಗೆ ದಾಟುವ ಜಾಗದಲ್ಲಿ ಆಗುವ ತೊಂದರೆ ಅದು. "ತುಂಬಾ ಸುಸ್ತು ಡಾಕ್ಟರೇ" ಎಂದವರಿಗೆ ಟಾನಿಕ್ ಬರೆದುಕೊಟ್ಟರೆ ತಪ್ಪು ಯಾರದು?

'ತಲೆಸುತ್ತು' ಕೂಡ ಹಾಗೆಯೇ. ಕೋಣೆಯೇ ಗಿರ್ರನೆ ತಿರುಗುವುದೇ? ಎದ್ದು ನಿಂತಾಗ ಕಣ್ಣು ಕತ್ತಲಿಡುವುದೇ? ತಲೆ ಸರಿಯಿದ್ದು ಕಾಲು ಮಾತ್ರ ತೂರಾಡುವುದೇ? ಮೊದಲನೆಯದು ಹೆಚ್ಚಾಗಿ ಒಳಕಿವಿಯದು, ಎರಡನೆಯದು ರಕ್ತದೊತ್ತಡ ಇಳಿಯುವುದರಿಂದ, ಮೂರನೆಯದು ಕಿರುಮೆದುಳು ಅಥವಾ ಕಾಲಿನ ನರಗಳಿಂದ. 'ಜೋಮು' ಎಂದರೆ ಸ್ಪರ್ಶ ತಿಳಿಯದಿರುವುದೋ, ಸೂಜಿ ಚುಚ್ಚಿದಂತಾಗುವುದೋ, ಉರಿಯೋ ಎಂದು ಬಿಡಿಸಿ ಹೇಳಿ. 'ಗ್ಯಾಸ್' ಮತ್ತು 'ನರದೌರ್ಬಲ್ಯ' ಎಂಬ ಎರಡು ಪದಗಳನ್ನಂತೂ ವೈದ್ಯರ ಕೋಣೆಯ ಹೊರಗೇ ಬಿಟ್ಟು ಒಳಗೆ ಹೋಗಿ. ಹೃದಯಾಘಾತವೂ ಎಷ್ಟೋ ಬಾರಿ ಗ್ಯಾಸ್ ಎಂಬ ಹೆಸರಿನಲ್ಲೇ ಬರುತ್ತದೆ.

3. ಔಷಧಗಳ ಪಟ್ಟಿ: ಏನನ್ನೂ ಬಿಡಬೇಡಿ

ಮಾತ್ರೆ, ಚುಚ್ಚುಮದ್ದು, ಕಣ್ಣಿನ ಹನಿ, ಮುಲಾಮು, ವಿಟಮಿನ್, ಗಿಡಮೂಲಿಕೆ, ದೇಹ ಬೆಳೆಸುವ ಪುಡಿ ಎಲ್ಲವೂ ಪಟ್ಟಿಯಲ್ಲಿ ಬರಲಿ. ಪ್ರತಿಯೊಂದರ ಮುಂದೆ ಶುರು ಮಾಡಿದ ತಿಂಗಳು ಬರೆಯಿರಿ. ಆಮೇಲೆ ಈ ಪಟ್ಟಿಯನ್ನು ಮೊದಲ ಹಂತದ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ಎಷ್ಟೋ ಒಗಟುಗಳು ಅಲ್ಲೇ ಬಿಚ್ಚಿಕೊಳ್ಳುತ್ತವೆ. ರಕ್ತದೊತ್ತಡಕ್ಕೆ ಕೊಡುವ ರಾಮಿಪ್ರಿಲ್, ಎನಾಲಾಪ್ರಿಲ್ ಗುಂಪಿನ ಮಾತ್ರೆಗಳು ಕೆಲವರಿಗೆ ತಿಂಗಳುಗಟ್ಟಲೆ ಒಣಕೆಮ್ಮು ತರುತ್ತವೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಅನ್ನು ವರ್ಷಗಳ ಕಾಲ ಸೇವಿಸಿದರೆ ಬಿ12 ವಿಟಮಿನ್ ಕಡಿಮೆಯಾಗಿ ಪಾದ ಜೋಮು ಹಿಡಿಯಬಹುದು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್‌ಗಳಿಂದ ಸ್ನಾಯು ನೋವು ಬರಬಹುದು.

*ಎಚ್ಚರಿಕೆ:* ಸಂಶಯ ಬಂದ ತಕ್ಷಣ ನೀವೇ ಮಾತ್ರೆ ನಿಲ್ಲಿಸಬೇಡಿ. ಬಹುದಿನ ಸೇವಿಸಿದ ಸ್ಟಿರಾಯ್ಡ್ ಅನ್ನು ಥಟ್ಟನೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಅಷ್ಟು ಹೊತ್ತಿಗೆ ದೇಹಕ್ಕೆ ಬೇಕಾದ ಸ್ಟಿರಾಯ್ಡ್ ತಯಾರಿಸುವ ತನ್ನ ಕೆಲಸ ಮರೆತಿರುತ್ತದೆ.

4. ಮನೆತನದ ನಕ್ಷೆ

ಮೂರು ತಲೆಮಾರು ಸಾಕು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕಾಯಿಲೆ ಇದ್ದವರ ಗುರುತನ್ನು ತುಂಬಿ ಕಪ್ಪು ಮಾಡಿ, ತೀರಿಕೊಂಡವರ ಮೇಲೆ ಒಂದು ಓರೆಗೆರೆ ಎಳೆಯಿರಿ. ವೈದ್ಯಲೋಕ ಬಳಸುವುದೂ ಇದನ್ನೇ. ತೀರಿಕೊಂಡ ವಯಸ್ಸು ಮತ್ತು ಕಾರಣವನ್ನು ಮನೆಯಲ್ಲಿ ಹೇಳುವ ಮಾತಿನಲ್ಲೇ ಬರೆಯಿರಿ. ಎಳೆ ವಯಸ್ಸಿನಲ್ಲಿ ಹಠಾತ್ ಸಾವು, ಪದೇ ಪದೇ ಗರ್ಭಪಾತ, ಹಸುಗೂಸಾಗಿದ್ದಾಗಲೇ ಹೋದ ಮಕ್ಕಳು, ಮೂವತ್ತು ನಲವತ್ತಕ್ಕೇ ಡಯಾಲಿಸಿಸ್, ಹುಟ್ಟುಕಿವುಡು, ರಕ್ತಸಂಬಂಧದಲ್ಲಿ ಆದ ಮದುವೆ ಇವುಗಳನ್ನು ವಿಶೇಷವಾಗಿ ಗುರುತಿಸಿ.

"ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಆದ್ದರಿಂದ ಆನುವಂಶಿಕ ಅಲ್ಲ" ಎಂಬ ತರ್ಕ ಬಹಳ ಜನರನ್ನು ದಾರಿ ತಪ್ಪಿಸಿದೆ. ತಂದೆ ಮತ್ತು ತಾಯಿ ಇಬ್ಬರೂ ಒಂದೇ ವಂಶವಾಹಿಯ ಒಂದೊಂದು ದೋಷಯುಕ್ತ ಪ್ರತಿಯನ್ನು ಹೊತ್ತಿದ್ದು ಆರೋಗ್ಯವಾಗಿಯೇ ಇರಬಹುದು. ಇಂಥ ದಂಪತಿಯ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಇನ್ನು ಕೆಲವೊಮ್ಮೆ ಬದಲಾವಣೆ ಆ ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತದೆ, ಹಿಂದಿನವರಲ್ಲಿ ಅದರ ಸುಳಿವೇ ಇರುವುದಿಲ್ಲ.

5. ಸಾಮಾನ್ಯ ಕಾಯಿಲೆಗಳನ್ನು ಮೊದಲು ದಾಟಿ

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಆಗಬಾರದು. ಅಪರೂಪದ ಕಾಯಿಲೆ ಸಾಮಾನ್ಯ ರೂಪದಲ್ಲಿ ಬರುವುದಕ್ಕಿಂತ, ಸಾಮಾನ್ಯ ಕಾಯಿಲೆ ವಿಚಿತ್ರ ರೂಪದಲ್ಲಿ ಬರುವುದೇ ಹೆಚ್ಚು. ಕಬ್ಬಿಣದ ಕೊರತೆಯಿಂದ ಕೂದಲು ಉದುರುವುದಷ್ಟೇ ಅಲ್ಲ, ರಾತ್ರಿ ಕಾಲು ಅಲ್ಲಾಡಿಸದೆ ಮಲಗಲಾಗದ ಚಡಪಡಿಕೆಯೂ ಬರಬಹುದು, ಮಣ್ಣು ಅಥವಾ ಮಂಜುಗಡ್ಡೆ ತಿನ್ನುವ ಆಸೆಯೂ ಹುಟ್ಟಬಹುದು. ಬಿ12 ಕೊರತೆ ಮರೆವಾಗಿ ಬರಬಹುದು. ಥೈರಾಯ್ಡ್ ಕೊರತೆ ಮಂಕುತನವಾಗಿ, ಕೈಯ ಜೋಮಾಗಿ, ಮುಟ್ಟಿನ ಏರುಪೇರಾಗಿ ಕಾಣಬಹುದು.

ಆದ್ದರಿಂದ ಮೊದಲು ರಕ್ತಕಣಗಳ ಎಣಿಕೆ, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ), ಟಿಎಸ್‌ಎಚ್ (ಥೈರಾಯ್ಡ್ ಕೆಲಸದ ಅಳತೆ), ರಕ್ತದ ಸಕ್ಕರೆ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಮೂತ್ರ ಪರೀಕ್ಷೆ, ರಕ್ತದೊತ್ತಡ ಇಷ್ಟು ಆಗಿವೆಯೇ ನೋಡಿ. ಉಪವಾಸದ ಸಕ್ಕರೆ ಪ್ರತಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಶೇ. 6.5 ಮುಟ್ಟಿದರೆ ಅಥವಾ ದಾಟಿದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಲಕ್ಷಣಗಳಿಲ್ಲದಿದ್ದರೆ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಕಬ್ಬಿಣದ ಕೊರತೆ ಇದ್ದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಕೆಂಪು ಕಣಗಳು ಬೇಗ ಒಡೆಯುವವರಲ್ಲಿ ಕಡಿಮೆ ತೋರಿಸಬಹುದು.

ನಿದ್ದೆ ಮತ್ತು ಮನಸ್ಸಿನ ಸ್ಥಿತಿಯ ಬಗ್ಗೆ ವೈದ್ಯರು ಕೇಳಿದರೆ ಅವಮಾನವೆಂದುಕೊಳ್ಳಬೇಡಿ. "ಎಲ್ಲ ನನ್ನ ತಲೆಯೊಳಗೇ ಇದೆ ಎನ್ನುತ್ತೀರಾ?" ಎಂದು ಮುನಿಸಿಕೊಳ್ಳುವವರು ಬಹಳ. ಖಿನ್ನತೆಯೂ ಕಾಯಿಲೆಯೇ. ಅದು ಬೇರೆ ಕಾಯಿಲೆಯ ಜೊತೆಗೂ ಇರಬಹುದು.

6. ಪರೀಕ್ಷೆಗೆ ಮುನ್ನ ಮಾಡುವ ತಪ್ಪುಗಳು

ಸರಿಯಾದ ಪರೀಕ್ಷೆಯನ್ನು ತಪ್ಪು ಹೊತ್ತಿನಲ್ಲಿ ಮಾಡಿಸಿದರೆ ಉತ್ತರವೂ ತಪ್ಪೇ. ಆ ತಪ್ಪು ಉತ್ತರ ಫೈಲಿನಲ್ಲಿ ವರ್ಷಗಟ್ಟಲೆ ಕುಳಿತು ಮುಂದಿನ ವೈದ್ಯರನ್ನೂ ದಾರಿ ತಪ್ಪಿಸುತ್ತದೆ.

ಸೀಲಿಯಾಕ್ ಕಾಯಿಲೆ ಎಂದರೆ ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿಗೆ ಸಣ್ಣಕರುಳು ಹಾಳಾಗುವುದು. ನೂರರಲ್ಲಿ ಒಬ್ಬರಿಗೆ ಇರಬಹುದಾದ ಇದು ಅಪರೂಪವೂ ಅಲ್ಲ. ಸಂಶಯ ಬಂದೊಡನೆ ಗೋಧಿ ಬಿಟ್ಟು, ಎರಡು ತಿಂಗಳ ಮೇಲೆ ರಕ್ತಪರೀಕ್ಷೆಗೆ ಹೋಗುವುದು ಎಲ್ಲರೂ ಮಾಡುವ ತಪ್ಪು. ಗ್ಲುಟೆನ್ ನಿಂತ ಮೇಲೆ ಪರೀಕ್ಷೆ ಹುಡುಕುವ ಪ್ರತಿಕಾಯಗಳು, ಅಂದರೆ ರೋಗನಿರೋಧಕ ವ್ಯವಸ್ಥೆ ತಯಾರಿಸುವ ವಸ್ತುಗಳು ಕರಗಿಹೋಗುತ್ತವೆ. ಪರೀಕ್ಷೆಗೆ ಮುನ್ನ ಕನಿಷ್ಠ ಆರು ವಾರ ದಿನವೂ ಗ್ಲುಟೆನ್ ಇರುವ ಆಹಾರ ತಿನ್ನುತ್ತಿರಬೇಕು.

ಕೂದಲಿಗೆ, ಉಗುರಿಗೆ ಒಳ್ಳೆಯದೆಂದು ಸೇವಿಸುವ ಬಯೋಟಿನ್ ಮಾತ್ರೆ ಇನ್ನೊಂದು ಕಳ್ಳ. ದೊಡ್ಡ ಪ್ರಮಾಣದಲ್ಲಿ ಸೇವಿಸುತ್ತಿದ್ದರೆ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ವರದಿ ತಲೆಕೆಳಗಾಗಿ, ಇಲ್ಲದ ಕಾಯಿಲೆಯನ್ನು ತೋರಿಸುತ್ತದೆ. ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಕಡಿಮೆ ಕಾಣಬಹುದು. ಈ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ. ರಕ್ತ ಕೊಡುವ ಮುನ್ನ ಬಯೋಟಿನ್ ವಿಷಯ ಹೇಳಿ, ಎಷ್ಟು ದಿನ ಬಿಡಬೇಕೆಂದು ಕೇಳಿ.

ತಡೆಯಲಾಗದ ಹೊಟ್ಟೆನೋವು ಬಂದು ಬಂದು ಹೋಗುತ್ತಿದ್ದು, ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ ವೈದ್ಯರು ಪೋರ್ಫಿರಿಯಾ ಬಗ್ಗೆ ಯೋಚಿಸಬಹುದು. ರಕ್ತದ ಕೆಂಪು ವರ್ಣದ್ರವ್ಯ ತಯಾರಾಗುವ ದಾರಿಯಲ್ಲಿ ಒಂದು ಕಿಣ್ವ ಕೈಕೊಡುವ ಅಪರೂಪದ ಕಾಯಿಲೆ ಅದು. (ಕಿಣ್ವ ಎಂದರೆ ದೇಹದ ರಾಸಾಯನಿಕ ಕೆಲಸ ಮಾಡಿಸುವ ಪ್ರೋಟೀನು.) ಅದಕ್ಕೆ ಮೂತ್ರವನ್ನು ನೋವು ಇರುವಾಗಲೇ ಹಿಡಿಯಬೇಕು, ಬೆಳಕು ತಾಗದಂತೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ನೋವು ಇಳಿದ ಮೇಲೆ ಅಳತೆ ಸಹಜಕ್ಕೆ ಮರಳಿರಬಹುದು.

ಕತ್ತಿನ ಗಂಟಿಗೆ ಬಯಾಪ್ಸಿ, ಅಂದರೆ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಆಗಬೇಕಿದ್ದರೆ, ಅದಕ್ಕೆ ಮುನ್ನ ಯಾರೋ ಕೊಟ್ಟ ಸ್ಟಿರಾಯ್ಡ್ ನುಂಗಬೇಡಿ. ಲಿಂಫೋಮಾ ಎಂಬ ಕ್ಯಾನ್ಸರಿನ ಗುರುತನ್ನು ಅದು ಅಳಿಸಿಬಿಡಬಲ್ಲದು. ಹಾಗೆಯೇ, ದಿನಗಟ್ಟಲೆ ಬಿಡದ ಜ್ವರಕ್ಕೆ ರಕ್ತದ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸುವುದಿದ್ದರೆ, ವೈದ್ಯರು ಬೇರೆ ರೀತಿ ಹೇಳದ ಹೊರತು ಆಂಟಿಬಯಾಟಿಕ್‌ಗೆ ಮೊದಲೇ ರಕ್ತ ಕೊಡಬೇಕು. ಕಾರ್ಟಿಸೋಲ್ ಹಾರ್ಮೋನಿನ ಕೊರತೆ ನೋಡುವ ರಕ್ತವನ್ನು ಬೆಳಿಗ್ಗೆಯೇ ಕೊಡಬೇಕು.

7. ವರದಿಯ ಕೆಂಪು ಅಕ್ಷರಕ್ಕೆ ಬೆದರಬೇಡಿ

ವರದಿಯಲ್ಲಿ 'ಸಹಜ ಮಿತಿ' ಎಂದು ಅಚ್ಚಾಗಿರುತ್ತದಲ್ಲ, ಅದನ್ನು ಸಾಮಾನ್ಯವಾಗಿ ನಿಗದಿ ಮಾಡುವ ಬಗೆ ಹೀಗೆ: ಆರೋಗ್ಯವಂತರನ್ನು ಪರೀಕ್ಷಿಸಿ, ನಡುವಿನ ಶೇ. 95 ಜನ ಎಲ್ಲಿ ಬರುತ್ತಾರೋ ಅದು ಮಿತಿ. ಅಂದರೆ ಪೂರ್ತಿ ಆರೋಗ್ಯವಾಗಿರುವ ಇಪ್ಪತ್ತು ಜನರಲ್ಲಿ ಒಬ್ಬರು ಮಿತಿಯ ಹೊರಗೆ ಬಿದ್ದೇ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಒಮ್ಮೆಲೇ ಮಾಡಿಸಿದರೆ, ಯಾವ ಕಾಯಿಲೆಯೂ ಇಲ್ಲದವರಿಗೂ ಒಂದಾದರೂ ಕೆಂಪಕ್ಷರ ಬರುವ ಸಂಭವ ಶೇ. 64. 'ಪೂರ್ಣ ದೇಹ ತಪಾಸಣೆ' ಮಾಡಿಸಿ ಹೊಸ ಚಿಂತೆ ಹೊತ್ತು ಬರುವುದು ಹೀಗೆ.

ಎಎನ್‌ಎ ಎಂಬ ಪರೀಕ್ಷೆಯ ಬಗ್ಗೆ ಬಹಳ ಜನ ಗಾಬರಿಯಾಗಿ ಕೇಳುತ್ತಾರೆ. ದೇಹ ತನ್ನ ಮೇಲೆಯೇ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಗಳಿಗೆ ಇದನ್ನು ಮಾಡಿಸುತ್ತಾರೆ. ರಕ್ತದ ಸೀರಂ (ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿ ದ್ರವ) ಅನ್ನು 40 ಪಟ್ಟು ತೆಳುವಾಗಿಸಿ ನೋಡಿದರೆ ಆರೋಗ್ಯವಂತರಲ್ಲೂ ಶೇ. 30ರಷ್ಟು ಜನರಿಗೆ ಪಾಸಿಟಿವ್ ಬರುತ್ತದೆ, 160 ಪಟ್ಟು ತೆಳುವಾಗಿಸಿದರೂ ಶೇ. 5 ಜನರಿಗೆ ಬರುತ್ತದೆ. ಕೀಲುನೋವು, ದದ್ದು, ಬಾಯಿಹುಣ್ಣು, ಮೂತ್ರದಲ್ಲಿ ಪ್ರೋಟೀನು ಯಾವುದೂ ಇಲ್ಲದೆ ಎಎನ್‌ಎ ಒಂದೇ ಪಾಸಿಟಿವ್ ಇದ್ದರೆ ಅದು ಕಾಯಿಲೆಯಲ್ಲ.

ಅಪರೂಪದ ಕಾಯಿಲೆಯ ವಿಷಯದಲ್ಲಿ ಈ ಲೆಕ್ಕ ಇನ್ನೂ ಕಟು. 10,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆಗೆ ಶೇ. 99 ನಿಖರವಾದ ಪರೀಕ್ಷೆ ಇದೆ ಎಂದುಕೊಳ್ಳಿ. ಹತ್ತು ಲಕ್ಷ ಜನರನ್ನು ಸುಮ್ಮನೆ ಪರೀಕ್ಷಿಸಿದರೆ ಕಾಯಿಲೆ ಇರುವ 100 ಜನರಲ್ಲಿ 99 ಮಂದಿ ಸಿಗುತ್ತಾರೆ. ಕಾಯಿಲೆ ಇಲ್ಲದ 9,99,900 ಜನರಲ್ಲಿ ಶೇ. 1, ಅಂದರೆ 9,999 ಮಂದಿಗೂ ತಪ್ಪಾಗಿ ಪಾಸಿಟಿವ್ ಬರುತ್ತದೆ. ಪಾಸಿಟಿವ್ ಬಂದ ನೂರು ಜನರಲ್ಲಿ ನಿಜವಾಗಿ ಕಾಯಿಲೆ ಇರುವವರು ಒಬ್ಬರು! ಲಕ್ಷಣಗಳು ಮೊದಲೇ ಆ ಕಡೆ ಬೊಟ್ಟು ಮಾಡಿದ್ದರೆ ಮಾತ್ರ ಇಂಥ ಪರೀಕ್ಷೆಗೆ ಬೆಲೆ.

8. ಅಪರೂಪದ ದಿಕ್ಕಿಗೆ ಯಾವಾಗ ತಿರುಗಬೇಕು?

ಸಂಬಂಧವಿಲ್ಲದಂತೆ ತೋರುವ ಎರಡು ಮೂರು ಅಂಗಗಳು ಒಟ್ಟಿಗೆ ಕೆಟ್ಟಾಗ. ಕಾಯಿಲೆ ಬರಬಾರದ ವಯಸ್ಸಿನಲ್ಲಿ ಬಂದಾಗ. ಸರಿಯಾದ ಚಿಕಿತ್ಸೆಗೂ ಬಗ್ಗದಿದ್ದಾಗ. ಮನೆತನದ ನಕ್ಷೆಯಲ್ಲಿ ಕಪ್ಪು ಗುರುತುಗಳು ಸಾಲುಗಟ್ಟಿದಾಗ. ಮಗು ಕಲಿತದ್ದನ್ನು ಮರೆಯುತ್ತ ಹಿಂದಕ್ಕೆ ಹೋದಾಗ. ಈ ಕೊನೆಯದಕ್ಕೆ ಒಂದು ವಾರವೂ ಕಾಯಬೇಡಿ.

ಮೂರು ಉದಾಹರಣೆ ಕೊಡುತ್ತೇನೆ. ಹದಿನೆಂಟರ ಹುಡುಗನಿಗೆ ಕೈನಡುಕ, ಓದಿನಲ್ಲಿ ಹಿಂದೆ, ಸಿಡುಕು, ಜೊತೆಗೆ ಯಕೃತ್ತಿನ ವರದಿ ಏರುಪೇರು. ಒಂದೊಂದನ್ನೂ ಬೇರೆಬೇರೆಯಾಗಿ ನೋಡಿದರೆ ನರ, ಮನಸ್ಸು, ಹೊಟ್ಟೆ ಎಂದು ಮೂರು ಇಲಾಖೆ. ಒಟ್ಟಿಗೆ ನೋಡಿದರೆ, ದೇಹದಲ್ಲಿ ತಾಮ್ರ ಸಂಗ್ರಹವಾಗುವ, 1912ರಲ್ಲಿ ಕಿನಿಯರ್ ವಿಲ್ಸನ್ ವಿವರಿಸಿದ ವಿಲ್ಸನ್ ಕಾಯಿಲೆಯನ್ನು ಶೋಧಿಸಲೇಬೇಕು. ಕಣ್ಣಿನ ವೈದ್ಯರು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಅಂಚಿನಲ್ಲಿ ಕಂದು ಉಂಗುರವಿದೆಯೇ ನೋಡುತ್ತಾರೆ, ರಕ್ತ ಮತ್ತು ಮೂತ್ರದ ಪರೀಕ್ಷೆಗಳಿವೆ. ಮುಖ್ಯ ಮಾತೆಂದರೆ ಇದಕ್ಕೆ ಔಷಧವಿದೆ, ಬೇಗ ಹಿಡಿದಷ್ಟೂ ಫಲ ಹೆಚ್ಚು.

ಎರಡನೆಯದು: ಬಾಲ್ಯದಿಂದ ಅಂಗೈ ಅಂಗಾಲು ಉರಿ, ಬೆವರೇ ಬಾರದಿರುವುದು, ಬಿಸಿಲು ತಡೆಯಲಾಗದಿರುವುದು, ನಡುವಯಸ್ಸಿಗೆ ಮೂತ್ರದಲ್ಲಿ ಪ್ರೋಟೀನು. ಒಂದು ಕಿಣ್ವದ ಕೊರತೆಯಿಂದ ಜೀವಕೋಶಗಳಲ್ಲಿ ಕೊಬ್ಬಿನಂಥ ವಸ್ತು ಸಂಗ್ರಹವಾಗುವ, ಆನುವಂಶಿಕವಾದ ಫ್ಯಾಬ್ರಿ ಕಾಯಿಲೆ ಹೀಗೆ ಬರಬಹುದು.

ಮೂರನೆಯದು ಎಲ್ಲ ಹೆತ್ತವರೂ ತಿಳಿದಿರಬೇಕಾದದ್ದು. ನಾಲ್ಕು ವರ್ಷದ ಗಂಡುಮಗು ತಡವಾಗಿ ನಡೆಯಲು ಕಲಿತಿದೆ, ಮೀನಖಂಡ ದಪ್ಪಗಿದೆ, ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆಯೇ ಕೈಯೂರಿ ಹತ್ತುತ್ತದೆ. ಇನ್ನೇನೋ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಎಸ್‌ಟಿ, ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವಗಳು ಹೆಚ್ಚಿದ್ದು ಯಕೃತ್ತಿನ ತಪಾಸಣೆ ತಿಂಗಳುಗಟ್ಟಲೆ ನಡೆಯುತ್ತದೆ. ಈ ಎರಡೂ ಕಿಣ್ವಗಳು ಸ್ನಾಯುವಿನಲ್ಲೂ ಇವೆ! ಸ್ನಾಯುವಿನ ಕಿಣ್ವವೊಂದನ್ನು ಅಳೆಯುವ ಸಿಕೆ ಎಂಬ ಸರಳ ರಕ್ತಪರೀಕ್ಷೆ ಮಾಡಿಸಿದರೆ ತೊಂದರೆ ಸ್ನಾಯುವಿನದು ಎಂದು ಅಂದೇ ತಿಳಿಯುತ್ತದೆ. ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಆನುವಂಶಿಕ ಕಾಯಿಲೆಯಾದ ಡುಶೆನ್ ಸ್ನಾಯುಕ್ಷಯವನ್ನು ಹೀಗೆ ತಡವಾಗಿ ಹಿಡಿಯುವುದು ಇಂದಿಗೂ ನಡೆದೇ ಇದೆ. "ಸಿಕೆ ನೋಡಬಹುದೇ?" ಎಂದು ಕೇಳಲು ಹಿಂಜರಿಯಬೇಡಿ.

ಇಂಥ ಸಂದರ್ಭದಲ್ಲಿ ಐದು ತಜ್ಞರ ಬದಲು, ಎಲ್ಲವನ್ನೂ ಕೂಡಿಸಿ ನೋಡುವ ಒಬ್ಬ ಜನರಲ್ ಫಿಸಿಶಿಯನ್ ಅಥವಾ ಮಕ್ಕಳ ವೈದ್ಯರನ್ನು ಹಿಡಿದುಕೊಳ್ಳಿ. ಅವರಿಗೆ ಒಂದು ಪ್ರಶ್ನೆ ಕೇಳಿ: "ಇವುಗಳನ್ನೆಲ್ಲ ಒಂದೇ ಕಾಯಿಲೆ ವಿವರಿಸಬಹುದೇ? ಯಾವುದು ಇದಕ್ಕೆ ಹೊಂದುತ್ತಿಲ್ಲ?" ಇಂಟರ್ನೆಟ್‌ನಲ್ಲಿ ಕಂಡ ಹೆಸರನ್ನು ಹೇಳಬಾರದೆಂದಿಲ್ಲ. ವಿವರ ಹೇಳಿ ಮುಗಿಸಿ, ಕೊನೆಯಲ್ಲಿ ಹೇಳಿ. ಓದುವುದಾದರೆ 1997ರಲ್ಲಿ ಫ್ರಾನ್ಸಿನಲ್ಲಿ ಶುರುವಾದ, ಅಪರೂಪದ ಕಾಯಿಲೆಗಳ ಮಾಹಿತಿ ತಾಣ ಆರ್ಫಾನೆಟ್‌ನಂಥ ಕಡೆ ಓದಿ, ಮಾತ್ರೆ ಮಾರುವವರ ಪುಟಗಳಲ್ಲಿ ಬೇಡ.

9. ವಂಶವಾಹಿ ಪರೀಕ್ಷೆ

ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ಸುಮಾರು 20,000 ವಂಶವಾಹಿಗಳಿವೆ. ಅವುಗಳ ಮುಖ್ಯ ಭಾಗಗಳನ್ನೆಲ್ಲ ಒಮ್ಮೆಲೇ ಓದುವ ಪರೀಕ್ಷೆಗೆ ಎಕ್ಸೋಮ್ ಎನ್ನುತ್ತಾರೆ. ಇದನ್ನು ಮಾಡಿಸಿದರೆ ಉತ್ತರ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಇದ್ದರೆ ಕೈಬಿಡಿ. ಅರ್ಧಕ್ಕಿಂತ ಹೆಚ್ಚು ಜನರಿಗೆ ಸಿಗುವುದಿಲ್ಲ. ಒಂದೇ ಅಕ್ಷರಗುಚ್ಛ ಮತ್ತೆ ಮತ್ತೆ ಬರೆದುಹೋಗಿ ಉದ್ದವಾಗುವ ಹಂಟಿಂಗ್ಟನ್, ಫ್ರಜೈಲ್ ಎಕ್ಸ್, ಫ್ರೀಡ್ರೈಕ್ ಅಟಾಕ್ಸಿಯಾ ಎಂಬ ನರ ಮತ್ತು ಮೆದುಳಿನ ಆನುವಂಶಿಕ ಕಾಯಿಲೆಗಳು ಈ ಪರೀಕ್ಷೆಯ ಕಣ್ಣು ತಪ್ಪಿಸಬಹುದು. ಅವುಗಳಿಗೆ ಬೇರೆ ಪರೀಕ್ಷೆ ಬೇಕು. ಆದ್ದರಿಂದ ಎಕ್ಸೋಮ್ 'ಸಹಜ' ಬಂತು ಎಂದರೆ ಆನುವಂಶಿಕ ಕಾಯಿಲೆ ಇಲ್ಲ ಎಂದರ್ಥವಲ್ಲ.

ವರದಿ ಐದರಲ್ಲಿ ಒಂದು ದರ್ಜೆ ಹೇಳುತ್ತದೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಅನಿಶ್ಚಿತ, ಬಹುಶಃ ನಿರಪಾಯ, ನಿರಪಾಯ. ನಡುವಿನದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ. ಅದರ ಆಧಾರದ ಮೇಲೆ ಶಸ್ತ್ರಚಿಕಿತ್ಸೆಯನ್ನಾಗಲಿ, ಗರ್ಭದ ಬಗ್ಗೆ ತೀರ್ಮಾನವನ್ನಾಗಲಿ ಮಾಡಬಾರದು. ಮುಂದೆ ಮಾಹಿತಿ ಕೂಡಿಬಂದಾಗ ಇವುಗಳಲ್ಲಿ ಬಹುಪಾಲು ನಿರಪಾಯದ ಕಡೆಗೇ ಸರಿಯುತ್ತವೆ. ಮಗುವಿನ ಜೊತೆ ತಂದೆತಾಯಿಯ ಮಾದರಿಯನ್ನೂ ಕೊಟ್ಟರೆ ಗೊಂದಲ ಕಡಿಮೆಯಾಗುತ್ತದೆ.

*ಎಚ್ಚರಿಕೆ:* ಮಾದರಿ ಕೊಡುವ ಮುನ್ನ ಆನುವಂಶಿಕ ಸಲಹೆಗಾರರನ್ನು ಕಾಣಿ. ಹುಡುಕದ ಸಂಗತಿಗಳೂ ಹೊರಬರಬಹುದು. ಮುಂದೆ ಬರಬಹುದಾದ ಕ್ಯಾನ್ಸರಿನ ಅಪಾಯ, ರಕ್ತಸಂಬಂಧದ ಗುಟ್ಟು. ಅವನ್ನು ತಿಳಿಯಬೇಕೇ ಬೇಡವೇ ಎಂದು ಮೊದಲೇ ನಿರ್ಧರಿಸಿ.

10. ಹೆಸರು ಸಿಕ್ಕ ಮೇಲೆ, ಸಿಗದಿದ್ದ ಮೇಲೆ

ಸಿಕ್ಕರೆ ಕಾಯಿಲೆಯ ಪೂರ್ಣ ಹೆಸರು, ಅದು ಹೇಗೆ ಖಚಿತವಾಯಿತು, ಮನೆಯ ಇನ್ನಾರಿಗೆ ತಪಾಸಣೆ ಬೇಕು ಎಂಬ ಮೂರನ್ನು ಬರಹದಲ್ಲಿ ಪಡೆಯಿರಿ. ಅಪರೂಪದ ಕಾಯಿಲೆಗಳಲ್ಲಿ ಸುಮಾರು ಶೇ. 5ಕ್ಕೆ ಮಾತ್ರ ಅನುಮೋದಿತ ಔಷಧವಿದೆ ಎನ್ನುತ್ತಾರೆ. ಉಳಿದವುಗಳಲ್ಲೂ ವ್ಯಾಯಾಮ, ನೋವಿನ ನಿರ್ವಹಣೆ, ತೊಡಕುಗಳ ಮೇಲೆ ಕಣ್ಣಿಡುವುದು ಇದ್ದೇ ಇದೆ. "ಬೇರಿನಿಂದ ಗುಣಪಡಿಸುತ್ತೇವೆ" ಎನ್ನುವವರು ಸುತ್ತಿಕೊಳ್ಳುವುದು ಈ ಹೊತ್ತಿನಲ್ಲೇ.

ಪರ್ಸಿನಲ್ಲಿ ಒಂದು ತುರ್ತು ಚೀಟಿ ಇರಲಿ. ಪೋರ್ಫಿರಿಯಾ ಇರುವವರಿಗೆ ಕೆಲವು ಮಾಮೂಲಿ ಔಷಧಗಳೇ ವಿಷವಾಗಬಹುದು. ಮಯಸ್ತೇನಿಯಾ ಇರುವವರಿಗೆ ಕೆಲವು ಆಂಟಿಬಯಾಟಿಕ್‌ಗಳಿಂದ ಉಸಿರಾಟವೇ ಸೋಲಬಹುದು. ಅಡ್ರಿನಲ್ ಕೊರತೆಯ ಅಡಿಸನ್ ಕಾಯಿಲೆ ಇರುವವರಿಗೆ ಜ್ವರ ಬಂದರೆ ಸ್ಟಿರಾಯ್ಡ್ ಪ್ರಮಾಣ ಏರಿಸಬೇಕು, ವಾಂತಿಯಾಗುತ್ತಿದ್ದರೆ ಚುಚ್ಚುಮದ್ದೇ ಬೇಕು. ಪ್ರಜ್ಞೆ ಇಲ್ಲದೆ ಮಲಗಿರುವಾಗ ಇದನ್ನೆಲ್ಲ ನಿಮ್ಮ ಪರವಾಗಿ ಹೇಳುವುದು ಆ ಚೀಟಿ ಮಾತ್ರ. ಯಾವ ಔಷಧ ಬೇಕು, ಯಾವುದು ಕೂಡದು ಎಂಬುದನ್ನು ವೈದ್ಯರಿಂದಲೇ ಬರೆಸಿ, ಮೊಹರು ಹಾಕಿಸಿಕೊಳ್ಳಿ.

ಹೆಸರು ಸಿಗದಿದ್ದರೆ ಚಿಕಿತ್ಸೆ ನಿಲ್ಲಬೇಕಾಗಿಲ್ಲ. ನೋವಿಗೆ, ನಿದ್ದೆಗೆ, ಫಿಟ್ಸ್‌ಗೆ, ಸೋತ ಸ್ನಾಯುವಿಗೆ ಹೆಸರಿಲ್ಲದೆಯೂ ಮಾಡುವುದು ಬಹಳಷ್ಟಿದೆ. ಈಗಾಗಲೇ ಆದ ಪರೀಕ್ಷೆಗಳ ಪಟ್ಟಿ ಇಟ್ಟುಕೊಂಡು, ಅದೇ ಪರೀಕ್ಷೆಯನ್ನು ಹೊಸ ವೈದ್ಯರಲ್ಲಿ ಮತ್ತೆ ಮಾಡಿಸುವ ಮುನ್ನ ಏಕೆ ಎಂದು ಕೇಳಿ. ಎಕ್ಸೋಮ್ ಮಾಡಿಸಿದ್ದರೆ ಅದರ ಮೂಲ ದತ್ತಾಂಶವನ್ನು ಕೇಳಿ ಪಡೆಯಿರಿ. ಹೊಸ ರಕ್ತ ಕೊಡದೆಯೇ ಒಂದೆರಡು ವರ್ಷದ ಬಳಿಕ ಅದನ್ನು ಮರುವಿಶ್ಲೇಷಣೆ ಮಾಡಬಹುದು. ಆ ಹೊತ್ತಿಗೆ ಕಾಯಿಲೆಗೆ ತಳುಕು ಹಾಕಿಕೊಂಡ ಹೊಸ ವಂಶವಾಹಿಗಳು ಪತ್ತೆಯಾಗಿರುತ್ತವೆ, ಕೆಲವರಿಗೆ ಉತ್ತರ ಸಿಗುವುದು ಹೀಗೆಯೇ. ಮರುವಿಶ್ಲೇಷಣೆ ಯಾವಾಗ ಎಂದು ವೈದ್ಯರಿಂದ ಒಂದು ತಿಂಗಳು ಗೊತ್ತು ಮಾಡಿಸಿಕೊಂಡು, ಮೊದಲ ಹಂತದ ಹಾಳೆಯ ಕೊನೆಯ ಸಾಲಿನಲ್ಲಿ ಬರೆದಿಡಿ.